ಜೈಲಿನಿಂದ ಬಂದ ಕಾಗದವನ್ನು ನ್ಯಾಯಾಲಯ ಹೇಗೆ ಓದುತ್ತದೆ?



ನಮ್ಮ ಸಂವಾದ ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಜಮಖಂಡಿಯ ಹತ್ತಿರದ ಹುನ್ನೂರಿಗೆ ಹೋಗಿದ್ದೆವು. ಅಂದಿನ ವಿಷಯ ಮೂಲಭೂತ ಹಕ್ಕುಗಳು. ಮಾತು ಮುಗಿದು ಪ್ರಶ್ನೆಗಳ ಸರದಿ ಬಂದಾಗ ಪಿಯುಸಿ ಓದುವ ಹುಡುಗಿಯೊಬ್ಬಳು ಹಿಂದಿನ ಸಾಲಿನಿಂದ ಎದ್ದು ಕೇಳಿದಳು: "ಸರ, ಜೈಲಿನ್ಯಾಗ ಇದ್ದವ್ರು ವಕೀಲರಿಲ್ದ ಕಾಗದ ಬರದ್ರ ಜಡ್ಜ್ ಸಾಹೇಬ್ರು ಖರೇನ ಓದ್ತಾರೇನ್ರಿ?"

ಸಭೆಯಲ್ಲಿ ಸಣ್ಣ ನಗು ಎದ್ದಿತು. ವೇದಿಕೆಯ ಮೇಲಿದ್ದ ವಕೀಲರು "ಓದುತ್ತಾರಮ್ಮ" ಎಂದರು. ಅಷ್ಟಕ್ಕೆ ನಮ್ಮ ಸಮಯ ಮುಗಿಯಿತು. ದೂರದರ್ಶನದಲ್ಲಿ ನಿಮಿಷಗಳ ಲೆಕ್ಕ ಬಲು ಕಟ್ಟುನಿಟ್ಟು.

ನಾವು ಕೇಬಲ್ಲು ಸುತ್ತುತ್ತಿದ್ದಾಗ ವಯಸ್ಸಾದ ತಾಯಿಯೊಬ್ಬರು ಬಂದು ಸೆರಗಿನಿಂದ ಒಂದು ಇನ್‌ಲ್ಯಾಂಡ್ ಪತ್ರ ತೆಗೆದರು. "ಯಪ್ಪಾ, ಇದನ್ನೊಂದೀಟ ಓದಿ ಹೇಳ್ರಿ. ಊರಾಗ ಯಾರಿಗೂ ತೋರ್ಸಾಕ ಆಗೂದಿಲ್ಲ" ಎಂದರು. ಸೆಷನ್ಸ್ ನ್ಯಾಯಾಲಯದಲ್ಲಿ ಶಿಕ್ಷೆಯಾಗಿ ಜೈಲಿನಲ್ಲಿರುವ ಮಗನ ಪತ್ರ ಅದು. ಅವನಿಗೆ ಅಕ್ಷರ ಬಾರದು. ಜೊತೆಯ ಕೈದಿಯೊಬ್ಬ ಬರೆದುಕೊಟ್ಟಿದ್ದ. ಮಾಳಿಗೆ ಸೋರುವ ಮಾತು, ಎಮ್ಮೆಯ ಮಾತು, ತಂಗಿಯ ಬಾಣಂತನದ ಮಾತು. ಓದಿ ಹೇಳಿ ಪತ್ರ ಮಡಿಸಿಕೊಟ್ಟೆ. ಆ ತಾಯಿ "ಇನ್ನೊಮ್ಮೆ ಓದ್ರಿ" ಎಂದರು. ಎರಡನೆಯ ಸಲ ಓದುವಾಗ ನಡುವೆ ಒಂದು ಸಾಲು ಕಣ್ಣಿಗೆ ಬಿತ್ತು: "ಅಪೀಲಿನ ಕಾಗದಕ್ಕ ಹೆಬ್ಬಟ್ಟ ಒತ್ತಿ ಕೊಟ್ಟ ಐದ ತಿಂಗಳಾತು. ಹೋತೋ ಇಲ್ಲೋ ಯಾರೂ ಹೇಳವಲ್ರು."

ಇಡೀ ಪತ್ರದಲ್ಲಿ ಕಾನೂನಿಗೆ ಬೇಕಾದದ್ದು ಆ ಒಂದೇ ಸಾಲು. ಮೊದಲ ಓದಿನಲ್ಲಿ ನಾನು ಅದನ್ನು ದಾಟಿಬಿಟ್ಟಿದ್ದೆ. ವಕೀಲರಿಲ್ಲದ ಕೈದಿಯ ಅರ್ಜಿಯನ್ನು ಓದುವ ಕಷ್ಟ ಏನೆಂಬುದು ನನಗೆ ಅಂದು ತಿಳಿಯಿತು. ಹುಡುಗಿಯ ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಹೇಳಲು ಈ ಲೇಖನ.

ಜೈಲಿಗೆ ಹೋದವನ ಹಕ್ಕುಗಳು ಏನಾಗುತ್ತವೆ?

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಶಿಕ್ಷೆಯಾದವನಿಗೆ ಹಕ್ಕುಗಳೇ ಇಲ್ಲವೆಂದು ಅನೇಕರು ತಿಳಿದಿದ್ದಾರೆ. ಕೈದಿ ಕಳೆದುಕೊಳ್ಳುವುದು ಮನಬಂದಲ್ಲಿಗೆ ಹೋಗುವ ಸ್ವಾತಂತ್ರ್ಯವನ್ನು, ಮತ್ತು ಸೆರೆವಾಸದ ಜೊತೆ ಅನಿವಾರ್ಯವಾಗಿ ಹೋಗುವ ಕೆಲವನ್ನು ಮಾತ್ರ. ಉಳಿದ ಹಕ್ಕುಗಳು ಅವನ ಜೊತೆಯಲ್ಲೇ ಜೈಲಿನ ಬಾಗಿಲು ದಾಟಿ ಒಳಗೆ ಹೋಗುತ್ತವೆ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿ "ಯಾವ ವ್ಯಕ್ತಿಯನ್ನೂ" ಕುರಿತದ್ದು. ಅದು ಕೈದಿಯನ್ನು ಹೊರಗಿಟ್ಟಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಹಿಡಿಸುವ ಒಂದು ಉದಾಹರಣೆ ಇದೆ. ಭಾರತ ರಕ್ಷಣಾ ನಿಯಮಗಳ ಕೆಳಗೆ ಮುಂಬಯಿಯಲ್ಲಿ ಸೆರೆಯಲ್ಲಿದ್ದ ಪ್ರಭಾಕರ ಪಾಂಡುರಂಗ ಸಂಝಗಿರಿ ಎಂಬವರು ಜೈಲಿನಲ್ಲೇ ಮರಾಠಿಯಲ್ಲಿ ಒಂದು ವಿಜ್ಞಾನ ಪುಸ್ತಕ ಬರೆದರು. ಪರಮಾಣುವಿನ ಒಳಗೇನಿದೆ ಎಂಬುದು ಅದರ ವಿಷಯ. ಹಸ್ತಪ್ರತಿಯನ್ನು ಹೊರಗೆ ಕಳಿಸಲು ಸರ್ಕಾರ ಒಪ್ಪಲಿಲ್ಲ. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಪುಸ್ತಕ ಬರೆದು ಹೊರಗೆ ಕಳಿಸುವುದನ್ನು ತಡೆಯುವ ನಿಯಮ ಯಾವುದೂ ಇಲ್ಲ, ನಿಯಮವಿಲ್ಲದೆ ತಡೆಯುವಂತಿಲ್ಲ ಎಂದು ನ್ಯಾಯಾಲಯ 1965ರಲ್ಲಿ ತೀರ್ಪು ಕೊಟ್ಟಿತು.

ಹಕ್ಕು ಇದೆ ಎಂದಮೇಲೆ ಅದು ಮುರಿದಾಗ ಕೇಳುವ ದಾರಿಯೂ ಇರಬೇಕು. ನಮ್ಮಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ 32ನೇ ವಿಧಿ, ಉಚ್ಚ ನ್ಯಾಯಾಲಯಕ್ಕೆ 226ನೇ ವಿಧಿಯ ಮೂಲಕ ರಿಟ್ ಅರ್ಜಿ ಹಾಕುವುದು ಆ ದಾರಿ. ತೀರ್ಪನ್ನೇ ಪ್ರಶ್ನಿಸುವುದಾದರೆ ಮೇಲ್ಮನವಿ, ಅಂದರೆ ಅಪೀಲು.

ಕಾಗದ ಹೊರಗೆ ಬರುವ ದಾರಿ

ಹೊರಗಿರುವ ನಾವು ಅರ್ಜಿಯನ್ನು ನೇರವಾಗಿ ನ್ಯಾಯಾಲಯದ ಕಿಟಕಿಗೆ ಕೊಡಬಹುದು. ಕೈದಿ ಹೋಗುವಂತಿಲ್ಲ. ಆದ್ದರಿಂದ 1973ರ ದಂಡ ಪ್ರಕ್ರಿಯಾ ಸಂಹಿತೆಯ 383ನೇ ಕಲಂ ಒಂದು ಏರ್ಪಾಟು ಮಾಡಿತ್ತು. ಕೈದಿ ಮೇಲ್ಮನವಿಯನ್ನು ಜೈಲಿನ ಅಧಿಕಾರಿಗೆ ಕೊಟ್ಟರೆ ಸಾಕು. ಅದನ್ನು ಸಂಬಂಧಪಟ್ಟ ನ್ಯಾಯಾಲಯಕ್ಕೆ ಮುಟ್ಟಿಸುವುದು ಆ ಅಧಿಕಾರಿಯ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ಏರ್ಪಾಟು 424ನೇ ಕಲಮಿನಲ್ಲಿದೆ.

ಇಲ್ಲಿ ಕಾಲದ ಮಿತಿಯೂ ಇದೆ. ಮರಣದಂಡನೆಯನ್ನು ಬಿಟ್ಟು ಉಳಿದ ಶಿಕ್ಷೆಗಳ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಹೋಗಲು 60 ದಿನ, ಬೇರೆ ನ್ಯಾಯಾಲಯಗಳಿಗೆ 30 ದಿನ. ತಡವಾದರೆ ಸೂಕ್ತ ಕಾರಣ ತೋರಿಸಿ ಮನ್ನಾ ಕೇಳಬಹುದು. ಆದರೆ ತೀರ್ಪಿನ ಪ್ರತಿಯೇ ಕೈಗೆ ಬರದಿದ್ದರೆ?

ಈ ಪ್ರಶ್ನೆ ಎತ್ತಿದ ಪ್ರಕರಣಕ್ಕೆ ನಮ್ಮ ಧಾರವಾಡದ ನಂಟಿದೆ. ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಖೋಟಾ ಮುದ್ರೆ ಮಾಡಿಸಲು ಯತ್ನಿಸಿದನೆಂಬ ಆರೋಪದಲ್ಲಿ ಎಂ. ಎಚ್. ಹೊಸ್ಕೋಟ್ ಎಂಬ ಅಧ್ಯಾಪಕನಿಗೆ ಮುಂಬಯಿ ಉಚ್ಚ ನ್ಯಾಯಾಲಯ 1973ರಲ್ಲಿ ಮೂರು ವರ್ಷದ ಶಿಕ್ಷೆ ವಿಧಿಸಿತು. ಅವನು ಸರ್ವೋಚ್ಚ ನ್ಯಾಯಾಲಯಕ್ಕೆ ಬಂದದ್ದು ನಾಲ್ಕು ವರ್ಷಗಳ ಮೇಲೆ; ಅಷ್ಟರಲ್ಲಿ ಶಿಕ್ಷೆಯೇ ಮುಗಿದಿತ್ತು. ಜೈಲಿನ ಮೂಲಕ ಕಳಿಸಿದ ತೀರ್ಪಿನ ಪ್ರತಿ ತನಗೆ ಸಿಗಲೇ ಇಲ್ಲವೆಂಬುದು ಅವನ ದೂರು. 1978ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಅವನ ಅರ್ಜಿಯನ್ನು ತಳ್ಳಿಹಾಕಿತು. ಆದರೆ ಅದೇ ತೀರ್ಪಿನಲ್ಲಿ ಎಲ್ಲ ಕೈದಿಗಳಿಗೂ ಅನ್ವಯಿಸುವ ನಿಯಮಗಳನ್ನು ಹೇಳಿತು: ಜೈಲುಶಿಕ್ಷೆ ಕೊಡುವ ನ್ಯಾಯಾಲಯ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಜೈಲಿನ ಮೂಲಕ ಕಳಿಸಿದರೆ ಕೈದಿಯಿಂದ ಲಿಖಿತ ಸ್ವೀಕೃತಿ ಪಡೆಯಬೇಕು, ವಕೀಲರನ್ನಿಡಲು ಆಗದ ಕೈದಿಗೆ ಮೇಲ್ಮನವಿಗಾಗಿ ಕಾನೂನು ನೆರವು ಒದಗಿಸಬೇಕು. ಸೋತ ಅರ್ಜಿಯೊಂದು ಇತರರಿಗೆ ದಾರಿ ಮಾಡಿಕೊಟ್ಟಿತು.

ಇನ್ನೊಂದು ತೊಡಕನ್ನು ನೀವೇ ಊಹಿಸಬಹುದು. ದೂರು ಜೈಲಿನ ಸಿಬ್ಬಂದಿಯ ಮೇಲೆಯೇ ಇದ್ದರೆ, ಅದನ್ನು ಅವರ ಕೈಯಲ್ಲೇ ಕೊಡಬೇಕೆ? ದೆಹಲಿಯ ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಎಂಬ ಕೈದಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದ. ಅದು ತನ್ನ ಕಷ್ಟದ ಬಗ್ಗೆ ಅಲ್ಲ. ಹಣ ಕೀಳುವುದಕ್ಕಾಗಿ ವಾರ್ಡರನೊಬ್ಬ ಇನ್ನೊಬ್ಬ ಕೈದಿಯನ್ನು ಹಿಂಸಿಸಿದನೆಂಬುದರ ಬಗ್ಗೆ. ನ್ಯಾಯಾಲಯ ಆ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ, ಇಬ್ಬರು ವಕೀಲರನ್ನು ನ್ಯಾಯಾಲಯದ ಸಹಾಯಕರನ್ನಾಗಿ ನೇಮಿಸಿ, ಜೈಲಿಗೆ ಹೋಗಿ ನೋಡಲು ಅಧಿಕಾರ ಕೊಟ್ಟಿತು. ಗಾಯ ನಿಜವಾಗಿತ್ತು. 1979ರ ಡಿಸೆಂಬರಿನಲ್ಲಿ ಬಂದ ತೀರ್ಪು, ಪ್ರತಿ ಜೈಲಿನಲ್ಲಿ ದೂರು ಪೆಟ್ಟಿಗೆ ಇರಬೇಕು, ಅದು ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ನ್ಯಾಯಾಧೀಶರ ಹತೋಟಿಯಲ್ಲಿರಬೇಕು, ಎಲ್ಲ ಕೈದಿಗಳಿಗೂ ಅದು ಎಟಕುವಂತಿರಬೇಕು ಎಂದಿತು. ಪೆಟ್ಟಿಗೆ ಜೈಲಿನಲ್ಲಿರುತ್ತದೆ, ಅದನ್ನು ತೆರೆಯುವ ಅಧಿಕಾರ ಹೊರಗಿನವರದು. ಇದರ ಮಹತ್ವವನ್ನು ಗಮನಿಸಿ.

ಜರಡಿ ಏಕೆ ಬೇಕು?

ಪತ್ರ ಬರೆದರೆ ಸಾಕು ಎಂದಾದಮೇಲೆ ಪತ್ರಗಳು ಹೊಳೆಯಂತೆ ಬರತೊಡಗಿದವು. ನಮ್ಮ ಕೇಂದ್ರಕ್ಕೂ ವೀಕ್ಷಕರ ಪತ್ರಗಳು ಚೀಲಗಟ್ಟಲೆ ಬರುತ್ತಿದ್ದ ಕಾಲವಿತ್ತು. ವಿಂಗಡಿಸದೆ ಕೆಲಸ ಸಾಗುತ್ತಿರಲಿಲ್ಲ. ನ್ಯಾಯಾಲಯದ ಸ್ಥಿತಿಯೂ ಅದೇ. ಹೊಡೆತ ತಿಂದವನ ಪತ್ರದ ಜೊತೆಗೆ ಹಳೆಯ ಜಗಳ ತೀರಿಸುವ ಪತ್ರ, ಈಗಾಗಲೇ ತೀರ್ಮಾನವಾದದ್ದನ್ನು ಮತ್ತೆ ಕೇಳುವ ಪತ್ರ, ಬೇರೆ ಕಚೇರಿಗೆ ಹೋಗಬೇಕಾದ ಪತ್ರ ಎಲ್ಲವೂ ಒಟ್ಟಿಗೆ ಬರುತ್ತವೆ. ಎಲ್ಲವನ್ನೂ ಪೂರ್ಣ ವಿಚಾರಣೆಗೆ ತೆಗೆದುಕೊಂಡರೆ ನಿಜವಾದ ದೂರು ಸರದಿಯಲ್ಲೇ ಕೊಳೆಯುತ್ತದೆ. ಇನ್ನೊಂದು ಆತಂಕವೂ ಇತ್ತು. ತಮಗೆ ಬೇಕಾದ ನ್ಯಾಯಾಧೀಶರ ಹೆಸರಿಗೇ ಪತ್ರ ಬರೆಯುವುದು ಸರಿಯಲ್ಲ, ಪತ್ರ ನ್ಯಾಯಾಲಯಕ್ಕೆ ಬರಬೇಕು ಎಂದು ನ್ಯಾಯಮೂರ್ತಿ ಆರ್. ಎಸ್. ಪಾಠಕ್ ಅವರು 1983ರ ಜೀತವಿಮುಕ್ತಿ ಪ್ರಕರಣವೊಂದರಲ್ಲಿ ಎಚ್ಚರಿಸಿದರು.

ಹಾಗಾಗಿ ಜರಡಿ ಬೇಕು. ಆದರೆ ಯಾವ ಜರಡಿಯಲ್ಲಿಯೂ ಎರಡು ಬಗೆಯ ತಪ್ಪು ಸಾಧ್ಯವೆಂಬುದು ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಕಣ್ಣು ದೊಡ್ಡದಾದರೆ ಕಾಳಿನ ಜೊತೆ ಕಸವೂ ಬೀಳುತ್ತದೆ. ಕಣ್ಣು ಸಣ್ಣದಾದರೆ ಕಸದ ಜೊತೆ ಕಾಳೂ ಮೇಲೆಯೇ ಉಳಿಯುತ್ತದೆ. ಮೊದಲ ತಪ್ಪಿನಿಂದ ನ್ಯಾಯಾಲಯದ ಸಮಯ ಹಾಳು. ಎರಡನೆಯ ತಪ್ಪಿನಿಂದ ಮನುಷ್ಯನೇ ಹಾಳು. ಎರಡೂ ಸಮಾನವಲ್ಲ.

ಮೊದಲನೆಯ ಜರಡಿ: ಕಚೇರಿ

ಸರ್ವೋಚ್ಚ ನ್ಯಾಯಾಲಯ 1988ರ ಡಿಸೆಂಬರ್ 1ರಂದು ಪತ್ರರೂಪದ ಅರ್ಜಿಗಳಿಗೆ ಮಾರ್ಗಸೂಚಿ ಮಾಡಿತು. ಅದರಂತೆ ಪತ್ರಗಳನ್ನು ಮೊದಲು ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ವಿಭಾಗದಲ್ಲಿ ಪರಿಶೀಲಿಸುತ್ತಾರೆ. ಸ್ವೀಕರಿಸಬಹುದಾದ ಹತ್ತು ವರ್ಗಗಳನ್ನು ಅಲ್ಲಿ ಪಟ್ಟಿ ಮಾಡಲಾಗಿದೆ. ಜೈಲಿನಿಂದ ಬರುವ ಅರ್ಜಿಗಳು ಅವುಗಳಲ್ಲಿ ಒಂದು: ಕಿರುಕುಳ, ಜೈಲಿನಲ್ಲಿ ಸಾವು, ವರ್ಗಾವಣೆ, ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆ, ತ್ವರಿತ ವಿಚಾರಣೆ ಇತ್ಯಾದಿ. ಮನೆ ಮಾಲೀಕ ಬಾಡಿಗೆದಾರರ ವ್ಯಾಜ್ಯ, ನೌಕರಿಯ ತಕರಾರು, ಕಾಲೇಜು ಪ್ರವೇಶದಂಥ ವಿಷಯಗಳು ಈ ದಾರಿಯಲ್ಲಿ ಬರುವಂತಿಲ್ಲ. ವರ್ಗಕ್ಕೆ ಸೇರುವ ಪತ್ರ ಮಾತ್ರ ಮುಖ್ಯ ನ್ಯಾಯಮೂರ್ತಿಗಳು ನೇಮಿಸಿದ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಅವಧಿಗೆ ಮುನ್ನ ಬಿಡುಗಡೆ, ಪೆರೋಲು ಮುಂತಾದ ಕೋರಿಕೆಗಳನ್ನು ಆಯಾ ಉಚ್ಚ ನ್ಯಾಯಾಲಯಕ್ಕೆ ಕಳಿಸಬೇಕೆಂಬ ಸೂಚನೆಯೂ ಇದೆ.

ಎರಡನೆಯ ಜರಡಿ: ನ್ಯಾಯಾಧೀಶರ ಪ್ರಶ್ನೆ

ನ್ಯಾಯಾಧೀಶರ ಮೊದಲ ಪ್ರಶ್ನೆ ಯಾವುದಾಗಿರಬೇಕು? "ಇವನು ಹೇಳುವುದು ನಿಜವೇ?" ಎಂದು ನೀವು ಹೇಳಬಹುದು. ಅದು ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ: "ಇವನು ಹೇಳುವುದು ನಿಜವೆಂದೇ ಇಟ್ಟುಕೊಂಡರೆ, ಯಾವುದಾದರೂ ಹಕ್ಕು ಮುರಿದಂತಾಗುತ್ತದೆಯೇ?" ಜರಡಿಯ ಗುಟ್ಟು ಇರುವುದು ಇಲ್ಲೇ.

"ನನಗೆ ಕೊಡುವ ಸಾರಿಗೆ ರುಚಿಯಿಲ್ಲ" ಎಂಬುದು ಪೂರ್ತಿ ನಿಜವಾದರೂ ಹಕ್ಕಿನ ಉಲ್ಲಂಘನೆಯಾಗಲಾರದು. "ಮೂರು ದಿನ ಊಟ ಕೊಡಲಿಲ್ಲ" ಎಂಬುದು ನಿಜವಾದರೆ ಖಂಡಿತ ಉಲ್ಲಂಘನೆ. ಎರಡನೆಯದನ್ನು ಹೇಳಿದವನು ಸುಳ್ಳುಗಾರನೂ ಇರಬಹುದು. ಆದರೆ ಅದನ್ನು ತಿಳಿಯಲು ವಿಚಾರಿಸಬೇಕು. ಪತ್ರದ ಅಂದಚಂದ ನೋಡಿ ತೀರ್ಮಾನಿಸಲಾಗದು. 1980ರಲ್ಲಿ ತೀರ್ಪಾದ ಪ್ರೇಮಶಂಕರ ಶುಕ್ಲಾ ಪ್ರಕರಣ ಶುರುವಾದದ್ದು ಜೈಲಿನಿಂದ ಬಂದ ಒಂದು ತಂತಿಯಿಂದ. ತಂತಿಯಲ್ಲಿ ಎಷ್ಟು ಮಾತು ಹಿಡಿದೀತು? ವಿಚಾರಣಾಧೀನ ಕೈದಿಗೆ ಕೋಳ ತೊಡಿಸುವುದು ಮಾಮೂಲಿ ಪದ್ಧತಿಯಾಗಬಾರದೆಂಬ ತೀರ್ಪು ಅಷ್ಟು ಸಣ್ಣ ಬೀಜದಿಂದ ಹುಟ್ಟಿತು.

ಮೇಲ್ಮನವಿಯ ವಿಷಯದಲ್ಲಿ ಕಾನೂನೇ ಕೆಲವು ತಡೆಗಳನ್ನು ಹಾಕಿದೆ. ಹುರುಳಿಲ್ಲವೆಂದು ಕಂಡ ಮೇಲ್ಮನವಿಯನ್ನು ನ್ಯಾಯಾಲಯ ಆರಂಭದಲ್ಲೇ ವಜಾ ಮಾಡಬಹುದು. ಆದರೆ ಜೈಲಿನ ಮೂಲಕ ಬಂದದ್ದಾದರೆ ಕೈದಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು. ಮೇಲ್ಮನವಿ ತೀರಾ ಕ್ಷುಲ್ಲಕವಾಗಿದ್ದರೆ, ಅಥವಾ ಅವನನ್ನು ಕರೆತರುವ ತೊಂದರೆ ವಿಷಯಕ್ಕೆ ಮೀರಿದ್ದಾದರೆ ಮಾತ್ರ ವಿನಾಯಿತಿ. ಮೇಲ್ಮನವಿಯ ಅವಧಿ ಮುಗಿಯುವ ಮೊದಲೇ ಅದನ್ನು ಹೀಗೆ ವಜಾ ಮಾಡುವಂತಿಲ್ಲ. ಉಚ್ಚ ನ್ಯಾಯಾಲಯಕ್ಕಿಂತ ಕೆಳಗಿನ ನ್ಯಾಯಾಲಯಗಳು ಹೀಗೆ ವಜಾ ಮಾಡುವಾಗ ಕಾರಣ ಬರೆದಿಡಬೇಕು. ಇವು ಹಿಂದಿನ 384ನೇ ಕಲಮಿನಲ್ಲಿದ್ದವು, ಈಗ 425ನೇ ಕಲಮಿನಲ್ಲಿವೆ.

ಬೆಂಗಳೂರಿನ ಒಂದು ಕಾಗದದ ಕಥೆ

ನಮ್ಮ ರಾಜ್ಯದ್ದೇ ಒಂದು ಕಾಗದ ಈ ಜರಡಿಗಳನ್ನು ಹೇಗೆ ದಾಟಿತೆಂದು ನೋಡೋಣ. 1984ರಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹದ ರಾಮಮೂರ್ತಿ ಎಂಬ ಕೈದಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದ. ಆ ಕಾರಾಗೃಹ ಆಗ ಇದ್ದದ್ದು ನಗರದ ನಡುವೆ ಶೇಷಾದ್ರಿ ರಸ್ತೆಯಲ್ಲಿ, ಇಂದು ಫ್ರೀಡಂ ಪಾರ್ಕ್ ಇರುವ ಜಾಗದಲ್ಲಿ. ಬೆವರು ಸುರಿಸಿ ದುಡಿದರೂ ನ್ಯಾಯವಾದ ಕೂಲಿ ಇಲ್ಲ ಎಂಬುದು ಮುಖ್ಯ ದೂರು. ತಿನ್ನಲಾಗದ ಊಟದ ಬಗ್ಗೆ, ಹಿಂಸೆಯ ಬಗ್ಗೆಯೂ ಮಾತಿತ್ತು. ಪತ್ರವನ್ನು ರಿಟ್ ಅರ್ಜಿಯಾಗಿ ಸ್ವೀಕರಿಸಲಾಯಿತು. 1992ರಲ್ಲಿ ನ್ಯಾಯಾಲಯ ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರಿಗೆ ಜೈಲಿಗೆ ಹೋಗಿ, ಕೂಲಿ, ವಸತಿ, ಊಟ, ಔಷಧ ಎಲ್ಲವನ್ನೂ ಕಂಡು ವರದಿ ಕೊಡಲು ಹೇಳಿತು. ನೋಡಿ, "ನಿಜವೇ?" ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮ ಇದು. ದೂರಿಗೆ ಒಳಗಾದವರ ವಿವರಣೆಯನ್ನಷ್ಟೇ ನಂಬದೆ ಬೇರೊಬ್ಬ ನ್ಯಾಯಾಧೀಶರ ಕಣ್ಣಿನಿಂದ ನೋಡುವುದು.

1996ರ ಡಿಸೆಂಬರ್ 23ರಂದು ತೀರ್ಪು ಬಂದಿತು. ದೇಶದ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಅದು ಎತ್ತಿ ತೋರಿಸಿತು. ಮಿತಿಮೀರಿದ ಜನಸಂದಣಿ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಕಡೆಗಣನೆ, ಸಾಲದ ಊಟ ಬಟ್ಟೆ, ಹೊರಗಿನವರೊಡನೆ ಸಂಪರ್ಕದ ಕೊರತೆ ಅವುಗಳಲ್ಲಿ ಕೆಲವು. 1894ರ ಕಾರಾಗೃಹ ಕಾಯಿದೆ ಬದಲಾಗಬೇಕೆಂದೂ ಹೇಳಿತು. ದುಡಿಯುವ ಕೈದಿಗಳಿಗೆ ನ್ಯಾಯಯುತ ಕೂಲಿ ಸಿಗಬೇಕೆಂದು 1998ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿತು.

ಒಂದು ಕಾಗದ ಇಷ್ಟು ಮಾಡಿತು ಎಂದು ಹೆಮ್ಮೆಪಡಬಹುದು. ಆದರೆ 1984ರಿಂದ 1996 ಎಂದರೆ 12 ವರ್ಷ. ಅಂದು ಒಂದನೆಯ ತರಗತಿಗೆ ಸೇರಿದ ಮಗು ಪಿಯುಸಿ ಮುಗಿಸುವಷ್ಟು ಕಾಲ. ಜರಡಿಯಲ್ಲಿ ಉಳಿದ ಕಾಳು ಸಕಾಲಕ್ಕೆ ಅಡುಗೆಮನೆ ಸೇರುವುದೂ ಮುಖ್ಯ.

ಅಮೆರಿಕದ ಜರಡಿ

ಅಮೆರಿಕದಲ್ಲಿ ಕೈದಿಗಳು ಅಧಿಕಾರಿಗಳ ವಿರುದ್ಧ ಸಂವಿಧಾನದ ಹಕ್ಕುಗಳಿಗಾಗಿ ನೇರವಾಗಿ ದಾವೆ ಹೂಡುವುದು ಬಹಳ. ವಕೀಲರಿಲ್ಲದವನ ದಾವೆಯನ್ನು ವಕೀಲರು ಬರೆದದ್ದರಷ್ಟು ಬಿಗಿಯಾಗಿ ಅಳೆಯಬಾರದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1972ರ ಹೇನ್ಸ್ ಪ್ರಕರಣದಲ್ಲಿ ಹೇಳಿತ್ತು. ದಾವೆಗಳು ಹೆಚ್ಚಿದಾಗ 1996ರಲ್ಲಿ ಅಲ್ಲಿನ ಸಂಸತ್ತು ಕೈದಿಗಳ ದಾವೆಗಳಿಗೆಂದೇ ಒಂದು ಕಾಯಿದೆ ಮಾಡಿತು. ಎದುರು ಪಕ್ಷಕ್ಕೆ ಸಮನ್ಸು ಹೋಗುವ ಮೊದಲೇ ನ್ಯಾಯಾಧೀಶರು ದಾವೆಯನ್ನು ಓದಿ, ಕ್ಷುಲ್ಲಕವಾದದ್ದನ್ನು, ದುರುದ್ದೇಶದ್ದನ್ನು, ಹೇಳಿದ್ದೆಲ್ಲ ನಿಜವೆಂದರೂ ಪರಿಹಾರ ಸಿಗದಂಥದ್ದನ್ನು ತಳ್ಳಿಹಾಕಬಹುದು. ಜೈಲಿನೊಳಗಿನ ದೂರು ವ್ಯವಸ್ಥೆಯನ್ನು ಮೊದಲು ಪೂರ್ತಿ ಬಳಸಿರಬೇಕು. ಬಡ ಕೈದಿಯೂ ಶುಲ್ಕವನ್ನು ಕಂತಿನಲ್ಲಾದರೂ ಕಟ್ಟಬೇಕು. ಹೀಗೆ ಮೂರು ದಾವೆ ವಜಾ ಆದವನು, ಮೈಗೆ ತಕ್ಷಣದ ಅಪಾಯವಿದ್ದ ಹೊರತು, ಮುಂದೆ ಪೂರ್ತಿ ಶುಲ್ಕವನ್ನು ಮೊದಲೇ ಕಟ್ಟಬೇಕು.

ನಮ್ಮ ಜರಡಿಯ ಕಣ್ಣು ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಕೈದಿಗೆ ಉಚಿತ ವಕೀಲರ ಸೌಲಭ್ಯವೂ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರ 12ನೇ ಕಲಮಿನಂತೆ ಬಂಧನದಲ್ಲಿರುವ ಯಾರೇ ಆಗಲಿ ಈ ನೆರವಿಗೆ ಅರ್ಹರು. ಆದರೂ ಒಳಗಿರುವವನಿಗೆ ಅದು ಗೊತ್ತಿರಬೇಕಲ್ಲ? ಆದ್ದರಿಂದಲೇ 2024ರ ಅಕ್ಟೋಬರಿನಲ್ಲಿ, ಸುಹಾಸ್ ಚಕ್ಮಾ ಪ್ರಕರಣದಲ್ಲಿ, ಜೈಲುಗಳಲ್ಲಿ ಕಾನೂನು ನೆರವು ಕೈದಿಗಳಿಗೆ ನಿಜವಾಗಿ ತಲುಪುವಂತೆ ನೋಡಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯ ಮತ್ತೆ ನಿರ್ದೇಶನ ಕೊಡಬೇಕಾಯಿತು.

ಮತ್ತೆ ಹುನ್ನೂರಿಗೆ

ಆ ತಾಯಿಯ ಪತ್ರಕ್ಕೆ ಬರೋಣ. ಪ್ರಶ್ನೆ ಕೇಳಿದ ಹುಡುಗಿಯೂ ಅವಳ ರಾಜ್ಯಶಾಸ್ತ್ರದ ಮೇಷ್ಟ್ರೂ ಸೇರಿ ಜಮಖಂಡಿಯ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಪುಟದ ಅರ್ಜಿ ಬರೆದರು. ಅದರಲ್ಲಿ ಮಾಳಿಗೆ, ಎಮ್ಮೆ ಇರಲಿಲ್ಲ. ಶಿಕ್ಷೆಯಾದ ದಿನಾಂಕ, ಹೆಬ್ಬೆಟ್ಟು ಒತ್ತಿ ಕೊಟ್ಟ ತಿಂಗಳು, "ಮೇಲ್ಮನವಿ ಹೋಗಿದೆಯೇ? ಸಂಖ್ಯೆ ಏನು?" ಎಂಬ ಎರಡು ಪ್ರಶ್ನೆ, ಇಷ್ಟೇ. ಬಾಗಲಕೋಟೆ ಜಿಲ್ಲೆಯ ಮೇಲ್ಮನವಿಗಳು ಹೋಗುವುದು ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ. ಆ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಕೆಲವು ವಾರಗಳ ಮೇಲೆ ಮೇಷ್ಟ್ರು ನನಗೆ ಫೋನು ಮಾಡಿದರು. ಕಾಗದ ತಡವಾಗಿ ತಲುಪಿತ್ತಂತೆ. ಈಗ ಸಂಖ್ಯೆ ಬಿದ್ದಿದೆ, ವಕೀಲರ ನೇಮಕವಾಗಿದೆ, ವಿಳಂಬ ಮನ್ನಾ ಮಾಡಲು ಅರ್ಜಿ ಹಾಕಿದ್ದಾರೆ. ಅವನು ಗೆಲ್ಲುತ್ತಾನೋ ಸೋಲುತ್ತಾನೋ ನನಗೆ ಗೊತ್ತಿಲ್ಲ. ತಪ್ಪು ಮಾಡಿದ್ದರೆ ಶಿಕ್ಷೆ ಉಳಿಯಬಹುದು. ಆದರೆ ಅವನ ಮಾತನ್ನು ಯಾರೋ ಓದಿದ್ದಾರೆ, ಓದಿದ್ದಕ್ಕೆ ಒಂದು ಸಂಖ್ಯೆಯ ಗುರುತು ಇದೆ.

"ಓದ್ತಾರೇನ್ರಿ?" ಎಂದು ಕೇಳಿದ ಹುಡುಗಿಗೆ ನನ್ನ ಉತ್ತರ ಇದು: ಓದುತ್ತಾರಮ್ಮ, ಓದಲೇಬೇಕೆಂದು ಕಾನೂನಿದೆ. ಆದರೆ ಕಾಗದ ಅಲ್ಲಿಯವರೆಗೆ ತಲುಪಬೇಕು. ಓದುವವರು "ಇದು ನಿಜವಾದರೆ?" ಎಂದು ಒಮ್ಮೆ ಕೇಳಿಕೊಳ್ಳಬೇಕು. ಬೇಡವೆಂದು ಬದಿಗಿಟ್ಟರೆ ಏಕೆಂದು ಬರೆದವನಿಗೆ ತಿಳಿಸಬೇಕು. ಈ ಮೂರೂ ಇದ್ದರೆ ಜರಡಿ ನ್ಯಾಯದ ಸಾಧನ. ಒಂದು ತಪ್ಪಿದರೂ ಅದು ಮುಚ್ಚಿದ ಬಾಗಿಲು.

ನಿಮ್ಮ ಊರಿನಲ್ಲಿಯೂ ಸೆರಗಿನಲ್ಲಿ ಇಂಥ ಕಾಗದ ಕಟ್ಟಿಕೊಂಡು ಓಡಾಡುವ ತಾಯಂದಿರು ಇರಬಹುದು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. 15100 ಎಂಬ ಸಹಾಯವಾಣಿಯೂ ಇದೆ. ದಾರಿ ತೋರಿಸಿ. ಅದಕ್ಕಿಂತ ಮೊದಲು, ಕಾಗದವನ್ನು ಎರಡು ಸಲ ಓದಿ.

ತರಗತಿಯಲ್ಲಿ ಚರ್ಚಿಸಲು

1. ದೂರು ಪೆಟ್ಟಿಗೆಯನ್ನು ತೆರೆಯುವ ಅಧಿಕಾರ ಯಾರಲ್ಲಿರಬೇಕು? ಏಕೆ?

2. ಪದೇ ಪದೇ ಸುಳ್ಳು ದೂರು ಕೊಡುವ ಕೈದಿಯ ಮುಂದಿನ ಅರ್ಜಿಯನ್ನು ಓದದೆ ಬಿಡಬಹುದೇ?

3. ನಿಮ್ಮ ಶಾಲೆಗೋ ಪಂಚಾಯಿತಿಗೋ ಬರುವ ದೂರುಗಳನ್ನು ವಿಂಗಡಿಸುವ ಕೆಲಸ ನಿಮಗೆ ಕೊಟ್ಟರೆ, ನೀವು ಮೊದಲು ಕೇಳುವ ಪ್ರಶ್ನೆ ಯಾವುದು?